ರಾಯಲ್ಟಿ ಕರಗುತ್ತಿರುವ ಕಂಪನಿ: ಸ್ಟ್ರೈಕ್ ಆಫ್, ಸ್ವಯಂ ಸಮಾಪನೆ, ಡಾರ್ಮೆಂಟ್, ಎಲ್‌ಎಲ್‌ಪಿ – ಯಾರಿಗೆ ಯಾವ ದಾರಿ?

ಕ್ಯಾಸೆಟ್ ಕಾಲದಲ್ಲಿ ಭಾವಗೀತೆ, ಜನಪದ, ದೇವರನಾಮ ಮುದ್ರಿಸಿ ಮಾರಿದ ಸಣ್ಣ ಆಡಿಯೊ ಕಂಪನಿಯನ್ನೇ ತೆಗೆದುಕೊಳ್ಳಿ. ಇಬ್ಬರು ಮೂವರು ಷೇರುದಾರರು, ಎಲ್ಲರೂ ಒಂದೇ ಮನೆಯವರು ಅಥವಾ ಹಳೆಯ ಸ್ನೇಹಿತರು. ಗೋದಾಮು ಖಾಲಿಯಾಗಿ ವರ್ಷಗಳಾಗಿವೆ, ನೌಕರರಿಲ್ಲ. ಯೂಟ್ಯೂಬ್, ಸ್ಟ್ರೀಮಿಂಗ್ ಆ್ಯಪ್, ಕಾಲರ್ ಟ್ಯೂನ್, ಯಾವುದೋ ಚಾನೆಲ್ಲಿನ ಲೈಸೆನ್ಸ್ ಅಂತ ಒಂದಷ್ಟು ರಾಯಲ್ಟಿ ಬರುತ್ತದೆ, ಅದೂ ವರ್ಷದಿಂದ ವರ್ಷಕ್ಕೆ ಕಡಿಮೆ. ಆದರೆ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ವಹಿವಾಟು ಒಂದು ರೂಪಾಯಿ ಇದ್ದರೂ ಆಡಿಟ್ ಕಡ್ಡಾಯ. ರಿಜಿಸ್ಟ್ರಾರ್‌ಗೆ ವರ್ಷವೂ ಕೊಡುವ ಲೆಕ್ಕಪತ್ರದ ಎಒಸಿ-4, ವಾರ್ಷಿಕ ರಿಟರ್ನ್ ಎಂಜಿಟಿ-7ಎ, ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ನೋಂದಣಿ ಇದ್ದರೆ ಅದರ ರಿಟರ್ನ್, ವೃತ್ತಿ ತೆರಿಗೆ, ಎಲ್ಲವೂ ತಪ್ಪದೆ ನಡೆಯಬೇಕು. ಮೂಗಿಗಿಂತ ಮೂಗುತಿ ಭಾರ ಅನ್ನುವ ಸ್ಥಿತಿ.

ಈ ಕಂಪನಿಯನ್ನು ಮುಚ್ಚುವುದು ಹಾರ್ಡ್‌ವೇರ್ ಅಂಗಡಿಯ ಕಂಪನಿ ಮುಚ್ಚಿದಷ್ಟು ಸರಳವಲ್ಲ. ಅಂಗಡಿ ಮುಚ್ಚಿದರೆ ಆದಾಯ ನಿಲ್ಲುತ್ತದೆ. ರಾಯಲ್ಟಿ ಹಾಗಲ್ಲ, ಕಂಪನಿ ಸತ್ತರೂ ಹಾಡು ಓಡುತ್ತಲೇ ಇರುತ್ತದೆ. ಹಾಗಾಗಿ ಯಾವ ಫಾರ್ಮ್ ತುಂಬಬೇಕು ಎಂಬುದಕ್ಕಿಂತ ಮೊದಲು ಹಕ್ಕು ಯಾರ ಕೈಗೆ ಹೋಗಬೇಕು ಎಂದು ತೀರ್ಮಾನವಾಗಬೇಕು. ಕೆಟ್ಟ ಪ್ರಕರಣಗಳಲ್ಲಿ ಹೆಚ್ಚಿನವು ಈ ಎರಡು ಕೆಲಸ ಹಿಂದುಮುಂದಾದ್ದರಿಂದಲೇ ಕೆಟ್ಟಿರುತ್ತವೆ.

ಮುಚ್ಚುವುದು ಲಾಭವೇ? ಐದು ನಿಮಿಷದ ಲೆಕ್ಕ

ಈ ವರ್ಷ ಕೈಗೆ ಬಂದ ನಿವ್ವಳ ರಾಯಲ್ಟಿ 3,00,000 ರೂಪಾಯಿ, ಪ್ರತಿ ವರ್ಷ ಶೇ 20ರಷ್ಟು ಇಳಿಕೆ, ಕಂಪನಿಯನ್ನು ಉಸಿರಾಡಿಸಲು ವರ್ಷಕ್ಕೆ 80,000 ಖರ್ಚು ಎಂದುಕೊಳ್ಳಿ. ಮುಂದಿನ ವರ್ಷ 2,40,000, ನಂತರ 1,92,000, 1,53,600, 1,22,880, 98,304. ಆರನೇ ವರ್ಷ 78,643, ಅಂದರೆ ಖರ್ಚಿಗಿಂತ ಕಡಿಮೆ. ಐದು ವರ್ಷಕ್ಕೆ ಬರುವ ಒಟ್ಟು 8,06,784ರಲ್ಲಿ 4,00,000 ಕಂಪನಿಯ ಕಾಗದಪತ್ರಕ್ಕೇ ಹೋಗುತ್ತದೆ. ಅದೇ ಹಕ್ಕು ಒಬ್ಬ ವ್ಯಕ್ತಿಯ ಹೆಸರಿನಲ್ಲಿದ್ದರೆ ಈ ಖರ್ಚಿನ ಬಹುಪಾಲು ಉಳಿಯುತ್ತದೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಆತನಿಗೆ ಜಿಎಸ್‌ಟಿ ನೋಂದಣಿಯೂ ಬೇಕಿಲ್ಲ.

ಕ್ಯಾಟಲಾಗ್ ಮಾರಬೇಕೆಂದಿದ್ದರೂ ಇದೇ ಲೆಕ್ಕ ಬೆಲೆ ಹೇಳುತ್ತದೆ. ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಲು ಶೇ 12ರ ಡಿಸ್ಕೌಂಟ್ ದರ ಹಿಡಿದರೆ, ವರ್ಷಕ್ಕೆ ಶೇ 10 ಇಳಿಯುವ ರಾಯಲ್ಟಿಯ ಇಂದಿನ ಬೆಲೆ ವಾರ್ಷಿಕ ಆದಾಯದ ಸುಮಾರು 4.1 ಪಟ್ಟು. ಶೇ 20 ಇಳಿಕೆಗೆ 2.5 ಪಟ್ಟು, ಶೇ 30ಕ್ಕೆ 1.7 ಪಟ್ಟಿಗಿಂತ ತುಸು ಕಡಿಮೆ. ಕೊಳ್ಳುವವರು ‘ಐದು ವರ್ಷದ ಆದಾಯ ಕೊಡುತ್ತೇವೆ’ ಎಂದರೆ ಯೋಚಿಸದೆ ಕೊಟ್ಟುಬಿಡಬಹುದು. ಮಾರುವವರೇ ‘ಹತ್ತು ವರ್ಷದ್ದು ಕೊಡಿ’ ಎಂದು ಪಟ್ಟು ಹಿಡಿದು ಕೂರುವುದೇ ಹೆಚ್ಚು, ಅಷ್ಟರಲ್ಲಿ ಇನ್ನೆರಡು ವರ್ಷದ ಇಳಿಕೆ ಆಗಿರುತ್ತದೆ. ಹಳೆಯ ಹಾಡೊಂದು ರೀಲ್ಸ್‌ನಲ್ಲಿ ಇದ್ದಕ್ಕಿದ್ದಂತೆ ಓಡುವುದುಂಟು, ನಿಜ. ಅದನ್ನು ನಂಬಿ ಕಂಪನಿ ಇಟ್ಟುಕೊಳ್ಳಬೇಕಿಲ್ಲ, ಹಕ್ಕು ಇಟ್ಟುಕೊಂಡರೆ ಸಾಕು.

ಹಕ್ಕನ್ನು ಕಂಪನಿಯಿಂದ ಹೊರಗೆ ತರುವುದು

ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ. 1985ರಲ್ಲಿ ಬಿಡುಗಡೆಯಾದ ಕ್ಯಾಸೆಟ್ಟಿನ ಹಕ್ಕು 2045ರ ಡಿಸೆಂಬರ್ 31ರವರೆಗೆ ಇರುತ್ತದೆ. ಸಾಹಿತ್ಯ ಮತ್ತು ಸ್ವರಸಂಯೋಜನೆಗೆ ಲೆಕ್ಕ ಬೇರೆ: ಕರ್ತೃವಿನ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. ಕಂಪನಿಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಪಿರೈಟ್ ‘1 ರೂಪಾಯಿ’ ಎಂದಿರಬಹುದು, ಇಲ್ಲದೆಯೂ ಇರಬಹುದು. ಪಟ್ಟಿಯಲ್ಲಿ ಕಾಣಲಿಲ್ಲ ಎಂದು ಮರೆತು ಕಂಪನಿಯ ಹೆಸರು ತೆಗೆಸಿಬಿಟ್ಟರೆ ಇಪ್ಪತ್ತು ವರ್ಷದ ಹಕ್ಕು ವಾರಸುದಾರರಿಲ್ಲದ ಆಸ್ತಿಯಾಗುತ್ತದೆ. ಅಂಥ ಆಸ್ತಿ ಸಂವಿಧಾನದ 296ನೇ ವಿಧಿಯ ಪ್ರಕಾರ ಸರ್ಕಾರಕ್ಕೆ ಸೇರುವಂಥದ್ದು. ಸರ್ಕಾರ ಬಂದು ನಿಮ್ಮ ಜನಪದ ಗೀತೆಯನ್ನು ಕೇಳುವುದಿಲ್ಲ ಬಿಡಿ. ಆದರೆ ಯಾರಾದರೂ ಕದ್ದು ಹಾಕಿಕೊಂಡಾಗ ‘ಇದು ನನ್ನದು’ ಎನ್ನಲು ನಿಮ್ಮ ಕೈಯಲ್ಲಿ ಕಾಗದ ಇರುವುದಿಲ್ಲ.

ಮೊದಲು ಒಂದು ಶೀಟ್ ಮಾಡಿ. ಪ್ರತಿ ಹಾಡಿಗೆ ಒಂದು ಸಾಲು: ಹಾಡಿನ ಮೊದಲ ಸಾಲು, ಆಲ್ಬಂ, ಪ್ರಕಟಣೆಯ ವರ್ಷ, ಗೀತರಚನೆಕಾರರು, ಸಂಯೋಜಕರು, ಗಾಯಕರು, ಐಎಸ್‌ಆರ್‌ಸಿ ಸಂಖ್ಯೆ (ಪ್ರತಿ ಧ್ವನಿಮುದ್ರಣದ ಗುರುತು ಸಂಖ್ಯೆ), ಮೂಲ ಒಪ್ಪಂದದ ದಿನಾಂಕ, ಈಗ ಚಾಲ್ತಿಯಲ್ಲಿರುವ ಲೈಸೆನ್ಸ್ ಯಾರದು ಮತ್ತು ಎಲ್ಲಿಯವರೆಗೆ, ಮಾಸ್ಟರ್ ಎಲ್ಲಿದೆ. ‘ಮೂಲ ಒಪ್ಪಂದ’ದ ಕಾಲಂನಲ್ಲಿ ಆಘಾತ ಕಾದಿರುತ್ತದೆ. 1994ರ ತಿದ್ದುಪಡಿ ಜಾರಿಯಾದ ನಂತರದ ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಅದನ್ನು 5 ವರ್ಷ ಎಂದೇ ಪರಿಗಣಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕೆಲವು ಹಾಡುಗಳ ಹಕ್ಕು ಕಂಪನಿಯ ಬಳಿ ಈಗ ಇಲ್ಲವೇ ಇಲ್ಲ ಎಂಬುದು ಇಲ್ಲಿ ತಿಳಿಯಬಹುದು.

ನೀವು ಈಗ ಮಾಡುವ ವರ್ಗಾವಣೆ ಪತ್ರಕ್ಕೂ ಅದೇ ನಿಯಮ. ಲಿಖಿತವಾಗಿರಬೇಕು, ಕಂಪನಿಯ ಪರವಾಗಿ ಸಹಿ ಬೇಕು. ಕೃತಿ ಯಾವುದು, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಪ್ರತಿಫಲ ಎಷ್ಟು ಎಂಬ ಐದೂ ಇರಬೇಕು. ‘ಕಂಪನಿಯ ಎಲ್ಲ ಹಾಡುಗಳು’ ಎಂದು ಒಂದು ಸಾಲಿನಲ್ಲಿ ಮುಗಿಸಬೇಡಿ, ಮೇಲಿನ ಶೀಟನ್ನೇ ಅನುಬಂಧವಾಗಿ ಸೇರಿಸಿ ಪ್ರತಿ ಪುಟಕ್ಕೂ ಸಹಿ ಹಾಕಿ. ವರ್ಗಾವಣೆ ಪಡೆದವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ ಅದು ರದ್ದಾಗುತ್ತದೆ ಎಂಬ ನಿಯಮವೂ ಇದೆ. ಅದು ಅನ್ವಯಿಸುವುದಿಲ್ಲ ಎಂಬ ವಾಕ್ಯವನ್ನು ಪತ್ರದಲ್ಲೇ ಬರೆಯಲು ಕಾಯ್ದೆ ಅವಕಾಶ ಕೊಟ್ಟಿದೆ, ಆ ವಾಕ್ಯ ಬಿಡಬೇಡಿ. ಸ್ಪೂಲಿನಲ್ಲೇ ಉಳಿದಿರುವ ಹಾಡುಗಳಿಗೆ ಇದು ಬಹಳ ಮುಖ್ಯ.

ಇನ್ನೊಂದು: ನಾಲ್ವರು ಷೇರುದಾರರಿದ್ದಾರೆಂದು ಪ್ರತಿ ಹಾಡನ್ನೂ ಕಾಲುಪಾಲು ಹಂಚಬೇಡಿ. ಜಂಟಿ ಮಾಲೀಕತ್ವವಾದರೆ ಲೈಸೆನ್ಸ್ ಕೊಡುವಾಗಲೆಲ್ಲ ನಾಲ್ವರ ಸಹಿಯೂ ಬೇಕಾಗುತ್ತದೆ. ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರು ಮುನಿಸಿಕೊಂಡು ಮೈಸೂರಿನಲ್ಲಿ ಇದ್ದರೆ ಒಂದು ಲೈಸೆನ್ಸೂ ಹೊರಬೀಳದು. ಹಕ್ಕು ಒಬ್ಬರ ಅಥವಾ ಒಂದು ಪಾಲುದಾರಿಕೆಯ ಹೆಸರಿಗೆ, ಹಣದ ಹಂಚಿಕೆ ಪ್ರತ್ಯೇಕ ಒಪ್ಪಂದದಲ್ಲಿ. ಇದೇ ನಿಲ್ಲುವ ಏರ್ಪಾಡು.

ಜಿಎಸ್‌ಟಿ ನೋಂದಣಿ ಇರುವ ಕಂಪನಿ ಹಕ್ಕನ್ನು ಶಾಶ್ವತವಾಗಿ ವರ್ಗಾಯಿಸಿದರೆ ಶೇ 18 ತೆರಿಗೆ. ನಿರ್ದೇಶಕರಿಗೋ ಕಂಪನಿಯ ಹಿಡಿತವಿರುವ ಷೇರುದಾರರಿಗೋ ಪುಕ್ಕಟೆ ಕೊಟ್ಟರೂ ಸಂಬಂಧಿತ ವ್ಯಕ್ತಿಗಳ ನಡುವಿನ ಸರಬರಾಜು ಎಂದು ಮೌಲ್ಯ ಕಟ್ಟಿ ತೆರಿಗೆ ಕೇಳಬಹುದು. ಹಾಗಾಗಿ ಮೇಲಿನ ಪಟ್ಟುಗಳ ಲೆಕ್ಕದಂತೆ ಒಂದು ಮೌಲ್ಯಮಾಪನ ವರದಿ ಮಾಡಿಸಿ ಇಟ್ಟುಕೊಳ್ಳಿ.

ವರ್ಗಾವಣೆಯಾದ ದಿನವೇ ಹಣ ಕೊಡುವ ಎಲ್ಲರಿಗೂ ಪತ್ರ ಹೋಗಬೇಕು: ಡಿಸ್ಟ್ರಿಬ್ಯೂಟರ್, ಯೂಟ್ಯೂಬ್ ಕಂಟೆಂಟ್ ಐಡಿ ನೋಡಿಕೊಳ್ಳುವವರು, ಕಾಲರ್ ಟ್ಯೂನ್ ಅಗ್ರಿಗೇಟರ್, ಧ್ವನಿಮುದ್ರಣದ ಶುಲ್ಕ ಸಂಗ್ರಹಿಸುವ ಪಿಪಿಎಲ್ ಅಥವಾ ಆರ್‌ಎಂಪಿಎಲ್, ಪ್ರಕಾಶಕ ಸದಸ್ಯತ್ವ ಇದ್ದರೆ ಸಾಹಿತ್ಯ-ಸಂಗೀತದ ಕಾಪಿರೈಟ್ ಸೊಸೈಟಿ ಐಪಿಆರ್‌ಎಸ್. ಹೊಸ ಹೆಸರು, ಹೊಸ ಪ್ಯಾನ್, ಹೊಸ ಬ್ಯಾಂಕ್ ಖಾತೆ ಮೂರೂ ಪತ್ರದಲ್ಲಿರಲಿ. ಅಮೆರಿಕದ ಮೂಲದಿಂದ ಹಣ ಬರುತ್ತಿದ್ದರೆ ಅಲ್ಲಿನ ತೆರಿಗೆ ಕಡಿತ ಇಳಿಸಲು ಕಂಪನಿ ಕೊಟ್ಟಿದ್ದ ಡಬ್ಲ್ಯೂ-8ಬೆನ್-ಇ ಫಾರ್ಮ್ ಹೊಸಬರಿಗೆ ನಡೆಯುವುದಿಲ್ಲ. ವ್ಯಕ್ತಿಯಾದರೆ ಡಬ್ಲ್ಯೂ-8ಬೆನ್ ಕೊಡಬೇಕು, ಇಲ್ಲದಿದ್ದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಶೇ 15ರ ಬದಲು ಶೇ 30ರವರೆಗೆ ಅಲ್ಲೇ ಮುರಿದುಕೊಳ್ಳುತ್ತಾರೆ.

ಸ್ಟ್ರೈಕ್ ಆಫ್: ಅಗ್ಗ, ಆದರೆ ಕಾಯಬೇಕು

ರಿಜಿಸ್ಟ್ರಾರ್ ದಾಖಲೆಯಿಂದ ಕಂಪನಿಯ ಹೆಸರನ್ನೇ ತೆಗೆಸುವುದು, ಕಂಪನಿ ಕಾಯ್ದೆ 2013ರ ಸೆಕ್ಷನ್ 248(2). ಎಸ್‌ಟಿಕೆ-2 ಫಾರ್ಮ್, ಸರ್ಕಾರಿ ಶುಲ್ಕ 10,000 ರೂಪಾಯಿ. 2023ರ ಮೇ 1ರಿಂದ ಈ ಅರ್ಜಿಗಳು ಕೋರಮಂಗಲದ ರಿಜಿಸ್ಟ್ರಾರ್ ಕಚೇರಿಯಲ್ಲಲ್ಲ, ಹರಿಯಾಣದ ಮಾನೇಸರ್‌ನಲ್ಲಿರುವ ಸಿ-ಪೇಸ್ ಎಂಬ ಕೇಂದ್ರದಲ್ಲಿ ವಿಲೇವಾರಿಯಾಗುತ್ತವೆ.

ಬೇಕಾದ ಕಾಗದಗಳು: ವಿಶೇಷ ನಿರ್ಣಯ ಅಥವಾ ಪಾವತಿಯಾದ ಷೇರು ಬಂಡವಾಳದ ಶೇ 75ರಷ್ಟು ಸದಸ್ಯರ ಒಪ್ಪಿಗೆ, ಪ್ರತಿ ನಿರ್ದೇಶಕರ ನಷ್ಟಭರ್ತಿ ಬಾಂಡ್ ಎಸ್‌ಟಿಕೆ-3, ಅಫಿಡವಿಟ್ ಎಸ್‌ಟಿಕೆ-4, ಸಿಎ ದೃಢೀಕರಿಸಿದ ಲೆಕ್ಕಪತ್ರ ಎಸ್‌ಟಿಕೆ-8. ಈ ಎಸ್‌ಟಿಕೆ-8 ಅರ್ಜಿ ಹಾಕುವ ದಿನಕ್ಕೆ 30 ದಿನಕ್ಕಿಂತ ಹಳೆಯದಾಗಿರಬಾರದು. ಒಬ್ಬ ನಿರ್ದೇಶಕರ ನೋಟರಿಗೆ ಕಾಯುತ್ತ 34ನೇ ದಿನ ಅರ್ಜಿ ಹಾಕಿ ವಾಪಸ್ ಬಂದದ್ದು ಎಷ್ಟೋ. ವಿಶೇಷ ನಿರ್ಣಯ ಮಾಡಿದ್ದರೆ 30 ದಿನದೊಳಗೆ ಅದನ್ನು ರಿಜಿಸ್ಟ್ರಾರ್‌ಗೆ ತಿಳಿಸುವ ಎಂಜಿಟಿ-14 ಕೂಡ ಬೇಕು.

ರಾಯಲ್ಟಿ ಕಂಪನಿಗೆ ತೊಡಕು ಅರ್ಹತೆಯಲ್ಲೇ ಇದೆ. ಹಿಂದಿನ ಎರಡು ಪೂರ್ಣ ಹಣಕಾಸು ವರ್ಷ ವ್ಯವಹಾರ ನಡೆಸಿರಬಾರದು. ಯಾರೂ ಕಚೇರಿಗೆ ಹೋಗದಿದ್ದರೂ ಖಾತೆಗೆ ಮೂರು ತಿಂಗಳಿಗೊಮ್ಮೆ ರಾಯಲ್ಟಿ ಬರುತ್ತಿದ್ದರೆ ಅದು ವ್ಯವಹಾರವೇ. 2025ರ ಸೆಪ್ಟೆಂಬರ್‌ನಲ್ಲಿ ಹಕ್ಕು ವರ್ಗಾಯಿಸಿದಿರಿ ಎನ್ನಿ. 2025-26ರಲ್ಲಿ ಆದಾಯ ಇದೆ. ಖಾಲಿ ವರ್ಷಗಳು 2026-27 ಮತ್ತು 2027-28. ಅರ್ಜಿ ಹಾಕಲು ಆಗುವುದು 2028ರ ಏಪ್ರಿಲ್ ನಂತರ.

ಆ ಎರಡು ವರ್ಷದ ಶುಚಿತ್ವವನ್ನು ಕೆಡಿಸುವುದು ಸಾಮಾನ್ಯವಾಗಿ 26ಎಎಸ್, ಅಂದರೆ ಯಾವ ಪ್ಯಾನಿಗೆ ಎಷ್ಟು ಟಿಡಿಎಸ್ ಕಟ್ಟಲಾಗಿದೆ ಎಂದು ತೋರಿಸುವ ತೆರಿಗೆ ಇಲಾಖೆಯ ಪಟ್ಟಿ. ಹಕ್ಕು ಮಗಳ ಹೆಸರಿಗೆ ಹೋಗಿದೆ ಎನ್ನಿ, ಹಣವೂ ಆಕೆಯ ಖಾತೆಗೇ ಬರುತ್ತಿದೆ. ಆದರೆ ಒಬ್ಬ ಲೈಸೆನ್ಸಿಯ ಲೆಕ್ಕಿಗರು ಹಳೆಯ ಪ್ಯಾನ್ ಬದಲಿಸದೆ ಟಿಡಿಎಸ್ ಅನ್ನು ಕಂಪನಿಯ ಪ್ಯಾನಿಗೇ ಕಟ್ಟುತ್ತಾರೆ. ‘ಎರಡು ವರ್ಷದಿಂದ ವ್ಯವಹಾರವಿಲ್ಲ’ ಎಂದು ನಿರ್ದೇಶಕರು ಪ್ರಮಾಣ ಮಾಡಿದ ಅದೇ ವರ್ಷ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಂಪನಿಯ ಹೆಸರಿನಲ್ಲಿ ರಾಯಲ್ಟಿ ಆದಾಯ ಕಾಣುತ್ತದೆ. ಸುಳ್ಳು ಅರ್ಜಿಗೆ ಸೆಕ್ಷನ್ 251 ಇದೆ, ಅದು ವಂಚನೆಯ 447ರತ್ತ ಎಳೆಯುತ್ತದೆ. ಪ್ರತಿ ತ್ರೈಮಾಸಿಕ 26ಎಎಸ್ ತೆಗೆದು ನೋಡಿ, ತಪ್ಪಿದ್ದರೆ ಟಿಡಿಎಸ್ ರಿಟರ್ನ್ ತಿದ್ದಿಸಿ.

ಸೆಕ್ಷನ್ 249 ಬೇರೆ ಇದೆ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಕಂಪನಿ ಹೆಸರು ಬದಲಿಸಿರಬಾರದು, ನೋಂದಾಯಿತ ಕಚೇರಿಯನ್ನು ಬೇರೆ ರಾಜ್ಯಕ್ಕೆ ಒಯ್ದಿರಬಾರದು, ವ್ಯಾಪಾರದ ಭಾಗವಾಗಿ ಮಾರಲೆಂದೇ ಇಟ್ಟುಕೊಂಡಿದ್ದ ಆಸ್ತಿ ಅಥವಾ ಹಕ್ಕನ್ನು ಹಣಕ್ಕೆ ಮಾರಿರಬಾರದು. ಕೊನೇ ಗಳಿಗೆಯಲ್ಲಿ ನೆನಪಾದ ಹತ್ತು ಹಾಡು ಮಾರಿ ಮರುವಾರ ಅರ್ಜಿ ಹಾಕುವಂತಿಲ್ಲ.

ಹೊಣೆಗಳೂ ಸೊನ್ನೆಯಾಗಿರಬೇಕು. ಇಲ್ಲಿ ಗೀತರಚನೆಕಾರರ, ಸಂಯೋಜಕರ ಪಾಲು ಎದುರಾಗುತ್ತದೆ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳಿಗೆ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕಿದೆ. ಅದನ್ನು ಅವರು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆಯವರಿಗೆ ಬಿಟ್ಟುಕೊಡಲೂ ಆಗದು. ‘ಕವಿ ತೀರಿಕೊಂಡಿದ್ದಾರೆ, ಮನೆಯವರ ವಿಳಾಸ ಗೊತ್ತಿಲ್ಲ’ ಎಂದು ಆ ಬಾಕಿಯನ್ನು ಲಾಭಕ್ಕೆ ತೆಗೆದುಕೊಂಡು ಎಸ್‌ಟಿಕೆ-8ರಲ್ಲಿ ಸೊನ್ನೆ ತೋರಿಸಿದರೆ, ನಷ್ಟಭರ್ತಿ ಬಾಂಡಿಗೆ ಸಹಿ ಹಾಕಿದವರು ಸ್ವಂತ ಜೇಬಿನಿಂದ ಕೊಡಲು ಒಪ್ಪಿಕೊಂಡಂತೆ. ಹೆಸರು ಅಳಿಸಿದ ನಂತರವೂ ನಿರ್ದೇಶಕರ ಹೊಣೆ ಉಳಿಯುತ್ತದೆ.

ಆಸ್ತಿ ಸೊನ್ನೆ ಮಾಡುವುದೂ ಅಷ್ಟೇ ಜಟಿಲ. ಖಾತೆಯಲ್ಲಿ 14 ಲಕ್ಷ ಇದೆ, ಅದರಲ್ಲಿ 9 ಲಕ್ಷ ಹಳೆಯ ಲಾಭ, 5 ಲಕ್ಷ ಷೇರು ಬಂಡವಾಳ ಎನ್ನಿ. 9 ಲಕ್ಷವನ್ನು ಡಿವಿಡೆಂಡ್ ಆಗಿ ಕೊಡಬಹುದು, ಶೇ 10 ಟಿಡಿಎಸ್ ಮುರಿದು. ಉಳಿದ 5 ಲಕ್ಷ ಬಂಡವಾಳವನ್ನು ಸುಮ್ಮನೆ ವಾಪಸ್ ಕೊಡಲು ಕಾಯ್ದೆಯಲ್ಲಿ ದಾರಿಯಿಲ್ಲ. ಬಂಡವಾಳ ಕಡಿತಕ್ಕೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ (ಎನ್‌ಸಿಎಲ್‌ಟಿ) ಹೋಗಬೇಕು, ಷೇರು ಮರುಖರೀದಿಗೆ ಶೇ 25ರ ಮಿತಿ. ಬಹಳ ಕಡೆ ಇದನ್ನು ‘ನಿರ್ದೇಶಕರ ಸಂಭಾವನೆ’ ಎಂದು ಬರೆದು ಖಾಲಿ ಮಾಡುತ್ತಾರೆ. ಲೆಕ್ಕ ಸರಿಹೋದಂತೆ ಕಾಣುತ್ತದೆ, ಆದರೆ ವ್ಯವಹಾರವೇ ಇಲ್ಲದ ವರ್ಷದಲ್ಲಿ 5 ಲಕ್ಷ ಸಂಬಳ ಯಾವ ಕೆಲಸಕ್ಕೆ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಬಂಡವಾಳ ದೊಡ್ಡದಿದ್ದು ಖರ್ಚಾಗದೆ ಉಳಿದಿದ್ದರೆ ಮುಂದಿನ ದಾರಿಯೇ ನೇರ.

ಅರ್ಜಿಯ ಬಳಿಕ ಎಸ್‌ಟಿಕೆ-6 ಸಾರ್ವಜನಿಕ ನೋಟಿಸ್, ಆಕ್ಷೇಪಣೆಗೆ 30 ದಿನ, ಕೊನೆಗೆ ಎಸ್‌ಟಿಕೆ-7 ಗೆಜೆಟ್‌ನಲ್ಲಿ. ಬಾಕಿ ಬರಬೇಕಾದ್ದು ಮರೆತುಹೋಗಿದ್ದರೆ ಸೆಕ್ಷನ್ 252ರ ಅಡಿ ಕಂಪನಿಯನ್ನು ಮರುಜೀವಗೊಳಿಸಲು 20 ವರ್ಷದವರೆಗೆ ಅವಕಾಶವೇನೋ ಇದೆ. ಆದರೆ ಅದಕ್ಕೆ ವಕೀಲರ ಖರ್ಚೇ ಮರೆತ ರಾಯಲ್ಟಿಗಿಂತ ಹೆಚ್ಚು.

ಸ್ವಯಂ ಸಮಾಪನೆ: ಖರ್ಚು ಹೆಚ್ಚು, ಕಾಯಬೇಕಿಲ್ಲ

ದಿವಾಳಿ ಸಂಹಿತೆ 2016ರ ಸೆಕ್ಷನ್ 59. ಹೆಸರು ಕೇಳಿ ಹೆದರಬೇಡಿ, ಇದು ದಿವಾಳಿಯಾಗದ ಕಂಪನಿಗೆ ಮಾತ್ರ ಇರುವ ದಾರಿ. ಸಾಲ ತೀರಿಸದೆ ತಪ್ಪಿಸಿಕೊಂಡ ಕಂಪನಿಗೆ ಇಲ್ಲಿ ಪ್ರವೇಶವಿಲ್ಲ. ಆದರೆ ಕಳೆದ ತಿಂಗಳು ರಾಯಲ್ಟಿ ಬಂದಿದ್ದರೂ ನಾಳೆಯೇ ಶುರು ಮಾಡಬಹುದು, ಎರಡು ಖಾಲಿ ವರ್ಷದ ಷರತ್ತಿಲ್ಲ.

ಬಹುಪಾಲು ನಿರ್ದೇಶಕರು ಅಫಿಡವಿಟ್ ಸಮೇತ ಘೋಷಣೆ ಮಾಡುತ್ತಾರೆ: ಸಾಲ ಇಲ್ಲ, ಇದ್ದರೂ ಆಸ್ತಿಯಿಂದ ಪೂರ್ತಿ ತೀರುತ್ತದೆ, ಯಾರನ್ನೂ ವಂಚಿಸಲು ಈ ಕೆಲಸವಲ್ಲ. ಜೊತೆಗೆ ಹಿಂದಿನ ಎರಡು ವರ್ಷದ ಆಡಿಟ್ ಆದ ಲೆಕ್ಕ, ಮೌಲ್ಯಮಾಪನ ವರದಿ ಇದ್ದರೆ ಅದು. ನಾಲ್ಕು ವಾರದೊಳಗೆ ಷೇರುದಾರರ ವಿಶೇಷ ನಿರ್ಣಯ ಮತ್ತು ನೋಂದಾಯಿತ ಇನ್‌ಸಾಲ್ವೆನ್ಸಿ ಪ್ರೊಫೆಷನಲ್ ಒಬ್ಬರ ನೇಮಕ, ಅವರೇ ಲಿಕ್ವಿಡೇಟರ್, ಅಂದರೆ ಸಾಲ ತೀರಿಸಿ ಉಳಿದದ್ದನ್ನು ಹಂಚುವವರು. ಸಾಲ ಇದ್ದರೆ ಮೌಲ್ಯದಲ್ಲಿ ಮೂರನೇ ಎರಡರಷ್ಟು ಸಾಲ ಕೊಟ್ಟವರು ಏಳು ದಿನದಲ್ಲಿ ಒಪ್ಪಬೇಕು. ನೇಮಕವಾಗಿ ಐದು ದಿನದೊಳಗೆ ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ. ಕಂಪನಿಯಿಂದ ಬಾಕಿ ಬರಬೇಕಾದವರು ಅದನ್ನು ಕೇಳಲು ಸಮಾಪನೆ ಶುರುವಾದ ದಿನದಿಂದ 30 ದಿನ. ಲಿಕ್ವಿಡೇಟರ್ ಪ್ರಾಥಮಿಕ ವರದಿಗೆ 45 ದಿನ. 2022ರ ತಿದ್ದುಪಡಿಯ ನಂತರ ಸಾಲ ಕೊಟ್ಟವರಿಲ್ಲದ ಕಂಪನಿಯ ಕೆಲಸ 90 ದಿನದಲ್ಲಿ, ಇದ್ದರೆ 270 ದಿನದಲ್ಲಿ ಮುಗಿಯಬೇಕು. ಆಮೇಲೆ ಬೆಂಗಳೂರಿನ ಎನ್‌ಸಿಎಲ್‌ಟಿ ಪೀಠಕ್ಕೆ ವಿಸರ್ಜನೆಯ ಅರ್ಜಿ. ಆದೇಶ ಬಂದ ದಿನ ಕಂಪನಿ ಇಲ್ಲವಾಗುತ್ತದೆ, ಪ್ರತಿಯನ್ನು 14 ದಿನದೊಳಗೆ ರಿಜಿಸ್ಟ್ರಾರ್‌ಗೆ ಕೊಡಬೇಕು. 90 ದಿನ ಎಂದದ್ದನ್ನು ಕೇಳಿ ಕ್ಯಾಲೆಂಡರ್ ಗುರುತು ಹಾಕಬೇಡಿ, ನ್ಯಾಯಮಂಡಳಿಯ ಪಟ್ಟಿಯಲ್ಲಿ ಸರದಿ ಬರುವ ಕಾಲ ಅದರಲ್ಲಿ ಸೇರಿಲ್ಲ.

ರಾಯಲ್ಟಿ ಕಂಪನಿಗೆ ಈ ದಾರಿ ಒಗ್ಗುವುದಕ್ಕೆ ಬಲವಾದ ಕಾರಣಗಳಿವೆ. ಸ್ವಭಾವತಃ ಸುಲಭವಾಗಿ ಮಾರಲಾಗದ ಆಸ್ತಿಯನ್ನು ಅನುಮೋದನೆ ಪಡೆದು ಷೇರುದಾರರಿಗೇ ವಸ್ತುರೂಪದಲ್ಲಿ ಹಂಚಲು ನಿಯಮ ಬಿಡುತ್ತದೆ. ಕರಗುತ್ತಿರುವ ಕ್ಯಾಟಲಾಗ್‌ಗಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು? ಆದಾಯ ತೆರಿಗೆಯಲ್ಲಿ ಹೀಗೆ ಹಂಚಿದ್ದನ್ನು ಕಂಪನಿಯ ಮಟ್ಟಿಗೆ ವರ್ಗಾವಣೆ ಎಂದು ಪರಿಗಣಿಸುವುದಿಲ್ಲ. ಷೇರುದಾರರ ಕೈಯಲ್ಲಿ ತೆರಿಗೆ: ಕೂಡಿಟ್ಟ ಲಾಭದಷ್ಟು ಭಾಗ ಡಿವಿಡೆಂಡ್, ಉಳಿದದ್ದರ ಮೇಲೆ ಬಂಡವಾಳ ಲಾಭದ ಲೆಕ್ಕ. ಮೇಲಿನ 14 ಲಕ್ಷದ ಉದಾಹರಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ 5 ಲಕ್ಷ ಇಲ್ಲಿ ಬಂಡವಾಳವಾಗಿಯೇ ವಾಪಸ್ ಬರುತ್ತದೆ. 1961ರ ಕಾಯ್ದೆಯ 46 ಮತ್ತು 2(22)ಸಿ ಸೆಕ್ಷನ್‌ಗಳಿವು; 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.

ಪತ್ತೆಯಾಗದ ಕವಿಯ ಪಾಲಿಗೂ ಇಲ್ಲಿ ಜಾಗವಿದೆ. ಹಂಚಲಾಗದೆ ಉಳಿದ ಹಣ ಕಾರ್ಪೊರೇಟ್ ವಾಲಂಟರಿ ಲಿಕ್ವಿಡೇಷನ್ ಅಕೌಂಟ್‌ಗೆ ಹೋಗುತ್ತದೆ, ವಾರಸುದಾರರು ಮುಂದೆ ಅಲ್ಲಿಂದ ಪಡೆಯಬಹುದು. ನಿರ್ದೇಶಕರ ತಲೆಯ ಮೇಲೆ ಉಳಿಯುವುದಿಲ್ಲ. ಆದಾಯ ತೆರಿಗೆ ಇಲಾಖೆಯ ‘ಬಾಕಿ ಇಲ್ಲ’ ಪತ್ರಕ್ಕಾಗಿ ತಿಂಗಳುಗಟ್ಟಲೆ ಅಲೆಯುವುದೂ ಬೇಡ, 2021ರ ನವೆಂಬರ್ 15ರ ಸುತ್ತೋಲೆಯಲ್ಲಿ ದಿವಾಳಿ ಪ್ರಕ್ರಿಯೆಯ ನಿಯಂತ್ರಕ ಮಂಡಳಿ ಐಬಿಬಿಐ ಅದು ಅಗತ್ಯವಿಲ್ಲ ಎಂದು ಸ್ಪಷ್ಟಪಡಿಸಿದೆ.

ಇಲ್ಲಿ ಆಗುವ ತಪ್ಪು ಒಂದೇ, ಆದರೆ ದೊಡ್ಡದು: ನಗದು ಹಂಚಿ, ಹಕ್ಕಿನ ವರ್ಗಾವಣೆ ಪತ್ರ ಮರೆಯುವುದು. ಲಿಕ್ವಿಡೇಟರ್ ವರದಿಯಲ್ಲಿ ‘ಕ್ಯಾಟಲಾಗ್ ಷೇರುದಾರರಿಗೆ ಕೊಡಲಾಗಿದೆ’ ಎಂದಿದ್ದರೆ ಸಾಲದು. ಕಾಪಿರೈಟ್ ಕಾಯ್ದೆ ಸಹಿ ಇರುವ ಪತ್ರ ಕೇಳುತ್ತದೆ, ಆ ಸಹಿಯನ್ನು ಲಿಕ್ವಿಡೇಟರ್ ವಿಸರ್ಜನೆ ಆದೇಶಕ್ಕೆ ಮುಂಚೆಯೇ ಹಾಕಿರಬೇಕು. ಮರುದಿನ ಸಹಿ ಹಾಕಲು ಅಲ್ಲಿ ಕಂಪನಿಯೇ ಇರುವುದಿಲ್ಲ.

ಡಾರ್ಮೆಂಟ್: ಈ ಕಂಪನಿಗಲ್ಲ

ಡಾರ್ಮೆಂಟ್ ಎಂದರೆ ಕಂಪನಿಯನ್ನು ಮುಚ್ಚದೆ ಮಲಗಿಸಿಡುವುದು. ಕಂಪನಿ ಕಾಯ್ದೆಯ ಸೆಕ್ಷನ್ 455ರಲ್ಲಿ ‘ಆಸ್ತಿ ಅಥವಾ ಬೌದ್ಧಿಕ ಸ್ವತ್ತು ಇಟ್ಟುಕೊಳ್ಳಲು’ ಎಂಬ ಮಾತಿರುವುದರಿಂದ ಹಲವರು ಇದರತ್ತ ಓಡುತ್ತಾರೆ. ಅದೇ ಸೆಕ್ಷನ್ ಗಣನೀಯ ಲೆಕ್ಕ ವ್ಯವಹಾರ ಇರಬಾರದು ಎನ್ನುತ್ತದೆ. ರಿಜಿಸ್ಟ್ರಾರ್ ಶುಲ್ಕ, ಕಾನೂನು ಪ್ರಕಾರದ ಪಾವತಿ, ಷೇರು ಹಂಚಿಕೆ, ಕಚೇರಿ ಮತ್ತು ದಾಖಲೆ ನಿರ್ವಹಣೆ ಇಷ್ಟಕ್ಕೆ ಮಾತ್ರ ವಿನಾಯಿತಿ. ರಾಯಲ್ಟಿ ಬಂದ ದಿನ ಡಾರ್ಮೆಂಟ್ ಸ್ಥಾನಮಾನ ಮುರಿಯುತ್ತದೆ. ಸತತ ಐದು ವರ್ಷ ಮಲಗಿದ್ದರೆ ರಿಜಿಸ್ಟ್ರಾರ್ ಹೆಸರು ತೆಗೆಯಲು ಮುಂದಾಗುತ್ತಾರೆ. ಹಕ್ಕಿನ ಬಗ್ಗೆ ದಾವೆ ನಡೆಯುತ್ತಿದ್ದು, ಆದಾಯವೆಲ್ಲ ನಿಂತಿದ್ದು, ತೀರ್ಪಿಗೆ ಕಾಯುತ್ತಿರುವ ಕಂಪನಿಗಾದರೆ ಯೋಚಿಸಬಹುದು.

ಎಲ್‌ಎಲ್‌ಪಿ: ಮುಚ್ಚದೆ ಮುಚ್ಚುವ ದಾರಿ

ಎಲ್‌ಎಲ್‌ಪಿ ಕಾಯ್ದೆ 2008ರ ಸೆಕ್ಷನ್ 56, ಮೂರನೇ ಅನುಸೂಚಿ: ಕಂಪನಿಯನ್ನು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾಗಿ ಪರಿವರ್ತಿಸುವುದು. ಎಲ್ಲ ಷೇರುದಾರರೂ, ಅವರು ಮಾತ್ರ, ಪಾಲುದಾರರಾಗುತ್ತಾರೆ. ನೋಂದಣಿಯಾದ ಕ್ಷಣ ಕಂಪನಿಯ ಎಲ್ಲ ಆಸ್ತಿ, ಹಕ್ಕು, ಹೊಣೆ ಕಾನೂನಿನ ಬಲದಿಂದಲೇ ಎಲ್‌ಎಲ್‌ಪಿಗೆ ಸೇರಿ ಕಂಪನಿ ವಿಸರ್ಜನೆಯಾಗುತ್ತದೆ. ಸಾವಿರ ಹಾಡಿನ ಕ್ಯಾಟಲಾಗ್, ಅರ್ಧದಷ್ಟಕ್ಕೆ ಸರಿಯಾದ ಶೀಟೇ ಇಲ್ಲ ಎಂಬ ಸ್ಥಿತಿಯಲ್ಲಿ ಇದು ವರ. ಆಸ್ತಿಯ ಮೇಲೆ ಸಾಲದ ಭದ್ರತೆಯಾಗಿ ಬ್ಯಾಂಕಿನ ಹಿಡಿತ (ಚಾರ್ಜ್) ಇರಬಾರದು, ಬಾಕಿ ಫೈಲಿಂಗ್ ಇರಬಾರದು.

ವಹಿವಾಟು 40 ಲಕ್ಷ, ಪಾಲುದಾರರ ಹೂಡಿಕೆ 25 ಲಕ್ಷ ದಾಟದಿದ್ದರೆ ಆಡಿಟ್ ಇಲ್ಲ. ವರ್ಷಕ್ಕೆ ಫಾರ್ಮ್ 11 ಮೇ 30ಕ್ಕೆ, ಫಾರ್ಮ್ 8 ಅಕ್ಟೋಬರ್ 30ಕ್ಕೆ. ತೆರಿಗೆ ದರ ಶೇ 30 ಮತ್ತು ಸೆಸ್, ಸಣ್ಣ ಕಂಪನಿಯ ಶೇ 25ಕ್ಕಿಂತ ಹೆಚ್ಚು. ಆದರೆ ಪಾಲುದಾರರ ಲಾಭಕ್ಕೆ ಮತ್ತೆ ತೆರಿಗೆಯಿಲ್ಲ, ಕಂಪನಿಯ ಡಿವಿಡೆಂಡ್‌ಗೆ ಇದೆ.

ಪರಿವರ್ತನೆಗೆ ಬಂಡವಾಳ ಲಾಭ ತೆರಿಗೆ ಬೀಳದಿರಲು ಷರತ್ತುಗಳಿವೆ: ಹಿಂದಿನ ಮೂರು ವರ್ಷಗಳಲ್ಲಿ ಯಾವ ವರ್ಷವೂ ವಹಿವಾಟು 60 ಲಕ್ಷ, ಪುಸ್ತಕದ ಆಸ್ತಿ 5 ಕೋಟಿ ದಾಟಿರಬಾರದು. ಷೇರಿನ ಅನುಪಾತದಲ್ಲೇ ಪಾಲು, ಹಳೆಯ ಷೇರುದಾರರ ಲಾಭದ ಪಾಲು ಐದು ವರ್ಷ ಒಟ್ಟು ಶೇ 50ಕ್ಕಿಂತ ಇಳಿಯಬಾರದು. ಪರಿವರ್ತನೆಯ ದಿನದ ಕೂಡಿಟ್ಟ ಲಾಭವನ್ನು ಮೂರು ವರ್ಷ ಪಾಲುದಾರರಿಗೆ ಕೊಡುವಂತಿಲ್ಲ. ಎಡವುವುದು ಈ ಕೊನೆಯದರಲ್ಲಿ: ಎಲ್‌ಎಲ್‌ಪಿ ಆಯಿತಲ್ಲ ಎಂದು ಮರುತಿಂಗಳೇ ಹಳೆಯ 9 ಲಕ್ಷ ಹಂಚಿಕೊಂಡರೆ ವಿನಾಯಿತಿಯೇ ಹೋಗುತ್ತದೆ. ಬೇಕಿದ್ದರೆ ಪರಿವರ್ತನೆಗೆ ಮುಂಚೆಯೇ ಡಿವಿಡೆಂಡ್ ಕೊಟ್ಟುಬಿಡಿ. ಮುಂದೊಂದು ದಿನ ರಾಯಲ್ಟಿ ಪೂರ್ತಿ ನಿಂತಾಗ ಎಲ್‌ಎಲ್‌ಪಿ ಮುಚ್ಚಲು ಫಾರ್ಮ್ 24 ಸಾಕು, ಒಂದು ವರ್ಷ ವ್ಯವಹಾರ ಇಲ್ಲದಿದ್ದರೆ ಆಯಿತು.

ಯಾರಿಗೆ ಯಾವುದು

ಹಾಡು ಐವತ್ತರ ಒಳಗೆ, ಖಾತೆಯಲ್ಲಿ ಹಣವಿಲ್ಲ, ಷೇರು ಬಂಡವಾಳ 1 ಲಕ್ಷ ಮತ್ತು ಅದು ಎಂದೋ ಕರಗಿದೆ, ಎಲ್ಲರೂ ಒಂದೇ ಮನೆಯವರು: ಹಕ್ಕು ವರ್ಗಾಯಿಸಿ ಎರಡು ವರ್ಷ ತಾಳ್ಮೆಯಿಂದ ಕಾದು ಸ್ಟ್ರೈಕ್ ಆಫ್. ಕಾಯುವಾಗಲೂ ಎಒಸಿ-4, ಎಂಜಿಟಿ-7ಎ ಬಿಡಬೇಡಿ. ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ತಡಶುಲ್ಕ, ಮೇಲ್ಮಿತಿ ಇಲ್ಲ. ಒಂದು ವರ್ಷ ತಡವಾದರೆ ಎರಡಕ್ಕೂ ಸೇರಿ 73,000. ಸತತ ಮೂರು ವರ್ಷ ಬಿಟ್ಟರೆ ನಿರ್ದೇಶಕರು ಐದು ವರ್ಷ ಅನರ್ಹರು.

ಕೂಡಿಟ್ಟ ಹಣ ಇದೆ, ಬಂಡವಾಳ ವಾಪಸ್ ಬೇಕು, ಅಥವಾ ಷೇರುದಾರರ ನಡುವೆ ಮಾತು ಬಿಟ್ಟಿದೆ: ಸ್ವಯಂ ಸಮಾಪನೆ. ಹೊರಗಿನವರೊಬ್ಬರು ಲೆಕ್ಕ ಮಾಡಿ ನ್ಯಾಯಮಂಡಳಿಯ ಮುದ್ರೆ ಬಿದ್ದರೆ ಹತ್ತು ವರ್ಷದ ನಂತರ ಯಾರೂ ಕೆದಕಲಾರರು. ಲಿಕ್ವಿಡೇಟರ್ ಸಂಭಾವನೆಯನ್ನು ಎರಡು ವರ್ಷದ ಆಡಿಟ್ ಮತ್ತು ಫೈಲಿಂಗ್ ಖರ್ಚಿನ ಜೊತೆ ಹೋಲಿಸಿ, 10,000 ರೂಪಾಯಿಯ ಜೊತೆಯಲ್ಲ. ಆಗ ವ್ಯತ್ಯಾಸ ಕೇಳಿದಷ್ಟು ದೊಡ್ಡದಿರುವುದಿಲ್ಲ.

ರಾಯಲ್ಟಿ ಇನ್ನೂ ವರ್ಷಕ್ಕೆ ಐದಾರು ಲಕ್ಷ, ಇಳಿಕೆ ನಿಧಾನ, ಕ್ಯಾಟಲಾಗ್ ದೊಡ್ಡದು: ಎಲ್‌ಎಲ್‌ಪಿ.

ಸಾಲ ಆಸ್ತಿಯನ್ನು ಮೀರಿದ್ದರೆ ಇವು ಯಾವುವೂ ಅಲ್ಲ, ದಿವಾಳಿ ಸಂಹಿತೆಯ ಬೇರೆ ಅಧ್ಯಾಯ ಅದು. ಆ ಸ್ಥಿತಿಯಲ್ಲಿ ಹಕ್ಕನ್ನು ಹೆಂಡತಿ ಮಕ್ಕಳ ಹೆಸರಿಗೆ ಮಾಡುವುದು ಮಾತ್ರ ಬೇಡ. ಆಪ್ತರಿಗೆ ಹೀಗೆ ಕೊಟ್ಟದ್ದನ್ನು ಎರಡು ವರ್ಷ ಹಿಂದಕ್ಕೆ ಹೋಗಿ ರದ್ದು ಮಾಡಬಹುದು.

ಕೊನೆಯ ರೂಪಾಯಿ

ಕಂಪನಿಗೆ ರಾಯಲ್ಟಿ ಕೊಡುವಾಗ ಶೇ 10 ಟಿಡಿಎಸ್ ಮುರಿಯುತ್ತಾರೆ. ಲಾಭವೇ ಇಲ್ಲದ ಕೊನೆಯ ವರ್ಷಗಳಲ್ಲಿ ಅದಷ್ಟೂ ರಿಫಂಡ್ ಆಗಬೇಕಾದ ಹಣ. ರಿಫಂಡ್ ಬರುವುದು ಕಂಪನಿಯ ಹೆಸರಿನ, ಪೋರ್ಟಲ್‌ನಲ್ಲಿ ದೃಢೀಕರಿಸಿದ ಖಾತೆಗೆ ಮಾತ್ರ. ಖಾತೆ ಮುಚ್ಚಿದ ಮೇಲೆ ಬಂದ ರಿಫಂಡ್ ವಾಪಸ್ ಹೋಗಿ ಅಲ್ಲೇ ಕೂರುತ್ತದೆ. ಆದ್ದರಿಂದ ಕೊನೆಯ ಆದಾಯದ ವರ್ಷದ ರಿಟರ್ನ್ ಬೇಗ ಸಲ್ಲಿಸಿ, ರಿಫಂಡ್ ಕೈಗೆ ಬಂದು, ಅದು ಹಂಚಿಕೆಯಾಗುವವರೆಗೆ ಖಾತೆ ಇರಲಿ.

ಜಿಎಸ್‌ಟಿ ರದ್ದತಿಗೆ ಆರ್‌ಇಜಿ-16, ನಂತರ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಜಿಎಸ್‌ಟಿಆರ್-10. ರದ್ದಾಯಿತಲ್ಲ ಎಂದು ಈ ಅಂತಿಮ ರಿಟರ್ನ್ ಮರೆಯುವವರೇ ಹೆಚ್ಚು. ದಿನಕ್ಕೆ 200 ರೂಪಾಯಿಯಂತೆ 10,000ದವರೆಗೆ ಏರುತ್ತದೆ, ನೋಟಿಸ್ ಬರುವಾಗ ಕಂಪನಿಯ ಇ-ಮೇಲ್ ನೋಡುವವರು ಯಾರೂ ಇರುವುದಿಲ್ಲ. ವೃತ್ತಿ ತೆರಿಗೆ ನೋಂದಣಿಯನ್ನೂ ಇದೇ ವೇಳೆ ರದ್ದು ಮಾಡಿಸಿ.

ಬ್ಯಾಂಕ್ ಖಾತೆ ಮುಚ್ಚಿದ ಪತ್ರ ಬಂದ ಮೇಲೆ ಎಸ್‌ಟಿಕೆ-8 ತಯಾರಾಗಲಿ. ಟ್ಯಾನ್, ಪ್ಯಾನ್ ಒಪ್ಪಿಸುವುದು ಎಲ್ಲಕ್ಕಿಂತ ಕೊನೆಗೆ. ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಇಡಬೇಕು. ಮೂಲ ಒಪ್ಪಂದಗಳನ್ನೂ ವರ್ಗಾವಣೆ ಪತ್ರವನ್ನೂ ಮಾತ್ರ ಆ ಕಟ್ಟಿಗೆ ಸೇರಿಸಬೇಡಿ. ಅವು ಹಾಡಿನ ಜೊತೆ ಹೋಗಬೇಕಾದ ಕಾಗದಗಳು, ಹೊಸ ಮಾಲೀಕರ ಬೀರುವಿನಲ್ಲಿ 2045ರವರೆಗೂ ಬೇಕಾಗುತ್ತವೆ.